ಶಿವಾಲ, 1781: ಒಂದು ಕರಾರಿನ ಕಥೆ

ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ಕಾಶಿಯ ರಾಜ ಚೇತ್‌ಸಿಂಗನಿಗೆ ಸಿಕ್ಕಿದ್ದ ಜಾಗ ಒಂದೂವರೆ ಸಾಲು. ವಾರನ್ ಹೇಸ್ಟಿಂಗ್ಸ್‌ನ ಮೇಲಿದ್ದ ಆಕ್ಷೇಪಗಳ ಪಟ್ಟಿ ಬರುತ್ತಿತ್ತು. ನಂದಕುಮಾರನ ಪ್ರಕರಣ ಒಂದು ಕಡೆ, ಔಧದ ಬೇಗಂಗಳು ಒಂದು ಕಡೆ, ನಡುವೆ ಈ ಚೇತ್‌ಸಿಂಗ್. ‘ಟಿಪ್ಪಣಿ ಬರೆಯಿರಿ, ಎರಡು ಅಂಕ’ ಅಂತ ಬಂದರೆ ಬರೆಯುತ್ತಿದ್ದೆವು, ಆಮೇಲೆ ಮರೆಯುತ್ತಿದ್ದೆವು. ಈಗ ಬಿ.ಕಾಂ. ಓದುತ್ತಿರುವ ನಾನು ಆ ಒಂದೂವರೆ ಸಾಲಿಗೆ ವಾಪಸು ಹೋದದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ, ಕರಾರು ಕಾಯಿದೆ ಓದುವಾಗ ಹುಟ್ಟಿದ ಒಂದು ಅನುಮಾನದಿಂದ. ಎರಡು ಕಡೆಯವರೂ ಒಪ್ಪಿ, ಮೊತ್ತ ಬರೆದು, ಮೊಹರು ಹಾಕಿದ ಮೇಲೆ, ತಾನು ಬಲಶಾಲಿ ಅನ್ನುವ ಒಂದೇ ಕಾರಣಕ್ಕೆ ಒಬ್ಬ ಆ ಮೊತ್ತವನ್ನು ಏರಿಸಬಹುದೇ? ಏರಿಸಿದರೆ ಇನ್ನೊಬ್ಬ ಏನು ಮಾಡಬೇಕು? ಆ ಇನ್ನೊಬ್ಬ ಒಂದು ನಾಡಿನ ದೊರೆಯಾಗಿದ್ದು, ಅವನ ಹಿಂದೆ ಊರು, ಪೇಟೆ, ಘಾಟು, ರೈತರು ಎಲ್ಲಾ ಇದ್ದರೆ?

ಮೊದಲು ಜಾಗ ಹೇಳಿಬಿಡುತ್ತೇನೆ. ಕಾಶಿಗೆ ಹೋದ ನಮ್ಮ ಕಡೆಯವರಿಗೆ ಹರಿಶ್ಚಂದ್ರ ಘಾಟು ಗೊತ್ತು. ಅದರ ಪಕ್ಕದಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಾಟು ಇದೆ, ಈಗ ಕರ್ನಾಟಕ ಘಾಟು ಅಂತ ಹೆಸರು. ಅಲ್ಲಿಂದ ಹೊಳೆಯ ದಂಡೆ ಹಿಡಿದು ದಕ್ಷಿಣಕ್ಕೆ, ಅಸ್ಸಿಯ ಕಡೆಗೆ ನಡೆದರೆ ಹನುಮಾನ್ ಘಾಟು ದಾಟಿ ಸ್ವಲ್ಪ ಹೊತ್ತಿಗೆಲ್ಲಾ ಶಿವಾಲ ಸಿಗುತ್ತದೆ. ಅಜ್ಜಿಯನ್ನು ಕರೆದುಕೊಂಡು ಹೋಗಿದ್ದಾಗ ನಾನೂ ನೋಡಿದ್ದೇನೆ. ಹೊಳೆಯಿಂದ ನೆಟ್ಟಗೆ ಎದ್ದ ಕಲ್ಲಿನ ಗೋಡೆ, ಬಹಳ ಮೇಲೆ ಕಿಟಕಿಗಳು. ಅದೇ ಚೇತ್‌ಸಿಂಗನ ಕೋಟೆ. ಕೋಟೆ ಅನ್ನುವುದು ವಾಡಿಕೆಯ ಮಾತು; ನಿಜವಾಗಿ ಅದು ಊರಿನೊಳಗೆ ರಾಜ ಇಳಿದುಕೊಳ್ಳುತ್ತಿದ್ದ ಅರಮನೆ. ರಾಜಧಾನಿಯ ಕೋಟೆ ಇರುವುದು ಆಚೆ ದಡದ ರಾಮನಗರದಲ್ಲಿ, ಅವನ ತಂದೆ ಬಲವಂತ ಸಿಂಗ್ ಕಟ್ಟಿಸಿದ್ದು. ಈ ಎರಡರ ನಡುವೆ ಗಂಗೆ. ಆಗಸ್ಟ್ ತಿಂಗಳಲ್ಲಿ ಅದು ತುಂಬಿ ಹರಿಯುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಲವಂತ ಸಿಂಗ್ 1770ರಲ್ಲಿ ತೀರಿಕೊಂಡ. ಚೇತ್‌ಸಿಂಗನ ತಾಯಿ ಪನ್ನಾ ರಾಜನ ಜಾತಿಯವಳಲ್ಲ ಅಂತ ಮನೆತನದಲ್ಲಿ ತಕರಾರಿತ್ತು. ಔಧದ ನವಾಬ ಷುಜಾ-ಉದ್-ದೌಲನಿಗೆ ಕಾಣಿಕೆ ಕೊಟ್ಟು, ವರ್ಷದ ಕಪ್ಪವನ್ನೂ ಏರಿಸಿಕೊಂಡು ಅವನು ಗಾದಿಗೆ ಬಂದ. ಅಂದರೆ ಮೊದಲ ದಿನದಿಂದಲೂ ಅವನ ದೊರೆತನದ ಬುಡದಲ್ಲಿ ಒಂದು ಸಂದಾಯದ ರಸೀತಿ ಇತ್ತು.

1773ರಲ್ಲಿ ಹೇಸ್ಟಿಂಗ್ಸ್ ಕಾಶಿಗೆ ಬಂದಿದ್ದ. ಆಗ ನವಾಬ ಈ ರಾಜನಿಂದ ಇನ್ನೂ ಹತ್ತು ಲಕ್ಷ ಕೀಳಬೇಕು, ಲತೀಫ್‌ಪುರ ಮತ್ತು ಬಿಜಯಗಢದ ಕೋಟೆಗಳನ್ನೂ ಕಿತ್ತುಕೊಳ್ಳಬೇಕು ಅಂತ ಹಟ ಹಿಡಿದಾಗ ಅಡ್ಡ ನಿಂತವನು ಯಾರು ಗೊತ್ತೇ? ಇದೇ ಹೇಸ್ಟಿಂಗ್ಸ್. ಆ ಕೋಟೆಗಳು ಹೋದರೆ ರಾಜನಿಗೆ ರಕ್ಷಣೆಯೇ ಇಲ್ಲ ಅನ್ನುವುದು ಅವನ ವಾದ. ಕಪ್ಪವನ್ನು ಏರಿಸುವುದಿಲ್ಲ ಅಂತ ನವಾಬನಿಂದ ಬರೆಸಿಕೊಟ್ಟವನೂ ಅವನೇ.

1775ರ ಮೇ ತಿಂಗಳಲ್ಲಿ ಹೊಸ ನವಾಬ ಅಸಫ್-ಉದ್-ದೌಲ ಕಾಶಿ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟ. ಮರುವರ್ಷ ಕಂಪನಿ ಚೇತ್‌ಸಿಂಗನಿಗೆ ಸನದು ಕೊಟ್ಟಿತು. ವರ್ಷಕ್ಕೆ 22,66,180 ಸಿಕ್ಕಾ ರೂಪಾಯಿ, ತಿಂಗಳ ಕಂತಿನಲ್ಲಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,88,848 ಚಿಲ್ಲರೆ. ಇದನ್ನು ಸರಿಯಾಗಿ ಕಟ್ಟುತ್ತಿರುವ ತನಕ ಬೇರೆ ಯಾವ ಹೆಸರಿನಲ್ಲೂ ಹಣ ಕೇಳುವುದಿಲ್ಲ ಎನ್ನುವುದು ಕಲ್ಕತ್ತೆಯ ಮಂಡಳಿ ಕೊಟ್ಟ ಭರವಸೆ. ಇದರ ಜತೆಗೆ ಊರಿನ ಕೊತ್ವಾಲಿಯೂ ಟಂಕಸಾಲೆಯೂ ರಾಜನ ಕೈಯಲ್ಲೇ.

ಈ ಎರಡು ಅಧಿಕಾರಗಳನ್ನು ನಾವು ಹಗುರವಾಗಿ ಓದಬಾರದು. ಕಾಶಿ ಆಗ ಬರೀ ಯಾತ್ರೆಯ ಊರಲ್ಲ, ಹುಂಡಿ ಬರೆಯುವ ಸಾಹುಕಾರರ ಊರು. ದೇಶದ ಮೂಲೆಮೂಲೆಯಿಂದ ಯಾತ್ರಿಕರು ಬರುತ್ತಾರೆ, ಬೆನ್ನಹಿಂದೆ ಹಣ ಬರುತ್ತದೆ. ಕಳ್ಳರನ್ನು ಹಿಡಿಯುವುದು, ಪೇಟೆಯ ಜಗಳ ತೀರಿಸುವುದು ಕೊತ್ವಾಲಿಯ ಕೆಲಸ. ನಾಣ್ಯದ ತೂಕ, ಬೆಳ್ಳಿಯ ಮಟ್ಟ ಕೆಡದಂತೆ ಕಾಯುವುದು ಟಂಕಸಾಲೆಯ ಕೆಲಸ. ಒಂದು ನಾಡಿನ ಶಾಂತಿ ಅಂದರೆ ದಿನನಿತ್ಯದಲ್ಲಿ ಇಷ್ಟೇ ತಾನೆ? ರಾತ್ರಿ ಅಂಗಡಿಗೆ ಬೀಗ ಹಾಕಿ ಹೋದವನಿಗೆ ಬೆಳಿಗ್ಗೆ ಸರಕು ಇರಬೇಕು, ತೆಗೆದುಕೊಂಡ ರೂಪಾಯಿ ರೂಪಾಯಿಯಾಗಿಯೇ ಇರಬೇಕು.

ಇನ್ನೊಂದು ಸ್ವಾರಸ್ಯ. ಕಪ್ಪದ ಹಣವನ್ನು ಪಾಟ್ನಾದಲ್ಲಿ ಕಟ್ಟಿಸಿಕೊಳ್ಳೋಣ, ಕಾಶಿಯಲ್ಲಿ ರೆಸಿಡೆಂಟನನ್ನು ಇಟ್ಟರೆ ಅವನು ರಾಜನ ತಲೆಯ ಮೇಲೆ ಕೂರುತ್ತಾನೆ ಅಂತ 1775ರಲ್ಲಿ ಮಂಡಳಿಯ ಮುಂದೆ ವಾದಿಸಿದವನೂ ಹೇಸ್ಟಿಂಗ್ಸೇ. ಅವನ ಮಾತು ನಡೆಯಲಿಲ್ಲ, ರೆಸಿಡೆಂಟ್ ಬಂದ. ಹಾಗಾಗಿ ಕರಾರು ಏನು, ಅದರ ಬೆಲೆ ಏನು ಅನ್ನುವುದು ಅವನಿಗೆ ತಿಳಿಯದೆ ಇರಲಿಲ್ಲ.

ಹಾಗಾದರೆ ಮುರಿದದ್ದು ಯಾಕೆ? ಇಲ್ಲಿ ನಮ್ಮ ಶ್ರೀರಂಗಪಟ್ಟಣ ಬರುತ್ತದೆ. 1778ರಲ್ಲಿ ಫ್ರಾನ್ಸಿನ ಜತೆ ಯುದ್ಧ ಶುರುವಾಯಿತು; ಮರಾಠರ ಜತೆ ಆಗಲೇ ನಡೆದಿತ್ತು. 1780ರ ಜುಲೈನಲ್ಲಿ ಹೈದರಾಲಿ ಘಟ್ಟ ಇಳಿದು ಕರ್ನಾಟಿಕ್ ಪ್ರಾಂತಕ್ಕೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. ಮದರಾಸನ್ನು ಉಳಿಸಲು ಕಲ್ಕತ್ತೆಯಿಂದ ಸೈನ್ಯ ಹೋಗಬೇಕು, ಹಣ ಹೋಗಬೇಕು. ಕಂಪನಿಯ ಖಜಾನೆ ಬರಿದಾಗುತ್ತಿತ್ತು. ನಾವು ಪೊಳ್ಳಿಲೂರಿನ ಗೆಲುವನ್ನು ಹೆಮ್ಮೆಯಿಂದ ಓದುತ್ತೇವೆ, ಓದಬೇಕಾದದ್ದೇ. ಆದರೆ ಆ ಸೋಲಿನ ಬಿಲ್ಲಿನ ಒಂದು ಭಾಗ ಸಾವಿರಾರು ಮೈಲಿ ದೂರದ ಶಿವಾಲದ ಬಾಗಿಲಿಗೆ ಹೋಯಿತು ಅನ್ನುವುದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

1778ರಲ್ಲಿ ಹೇಸ್ಟಿಂಗ್ಸ್ ಮೂರು ಸಿಪಾಯಿ ಪಟಾಲಮ್ಮುಗಳ ಖರ್ಚಿಗೆ ಅಂತ ಐದು ಲಕ್ಷ ಕೇಳಿದ. ಕಪ್ಪದ ಮೇಲೆ ನೂರಕ್ಕೆ ಇಪ್ಪತ್ತೆರಡರಷ್ಟು ಹೆಚ್ಚು! ಈ ಒಂದು ವರ್ಷಕ್ಕೆ ಮಾತ್ರ ಅಂತ ಗೋಗರೆದು ರಾಜ ಕೊಟ್ಟ. 1779ರಲ್ಲಿ ಮತ್ತೆ ಐದು ಲಕ್ಷ. ತಡಮಾಡಿದ, ಸೈನ್ಯ ಬಂತು, ಐದು ಲಕ್ಷದ ಜತೆಗೆ ಬಂದ ಸೈನ್ಯದ ಖರ್ಚು ಇಪ್ಪತ್ತು ಸಾವಿರವನ್ನೂ ಕೊಟ್ಟ. 1780ರಲ್ಲಿ ಮೂರನೇ ಸಲ. ಈಗ ರಾಜ ತನ್ನ ನಂಬಿಕೆಯ ಸದಾನಂದನನ್ನು ಕಲ್ಕತ್ತೆಗೆ ಕಳಿಸಿ ಹೇಸ್ಟಿಂಗ್ಸ್‌ನಿಗೆ ಗುಟ್ಟಾಗಿ ಎರಡು ಲಕ್ಷ ಮುಟ್ಟಿಸಿದ. ಹೇಸ್ಟಿಂಗ್ಸ್ ತೆಗೆದುಕೊಂಡ. ಅದನ್ನು ಕಂಪನಿಯ ಕೆಲಸಕ್ಕೇ ಹಾಕಿದ ಅಂತ ಅವನ ಕಡೆಯವರು ಹೇಳುತ್ತಾರೆ, ಹಾಕಿದ್ದೂ ನಿಜ. ಆದರೆ ಐದು ಲಕ್ಷ ಮಾತ್ರ ಬಿಡಲಿಲ್ಲ, ತಡವಾದದ್ದಕ್ಕೆ ಒಂದು ಲಕ್ಷ ಜುಲ್ಮಾನೆ ಬೇರೆ. ಆ ವರ್ಷದ ಖಾತೆಯನ್ನು ನಾನೇ ಕೂಡಿ ನೋಡಿದೆ: ಕಪ್ಪ, ಐದು, ಒಂದು, ಎರಡು ಎಲ್ಲಾ ಸೇರಿ ಮೂವತ್ತು ಲಕ್ಷದ ಮೇಲೆ. ಬರೆದುಕೊಟ್ಟದ್ದು ಇಪ್ಪತ್ತೆರಡೂವರೆ.

ಇದಾದ ಮೇಲೆ ಕುದುರೆ ಸವಾರರ ಬೇಡಿಕೆ. ಮೊದಲು ಎರಡು ಸಾವಿರ, ಆಮೇಲೆ ಒಂದೂವರೆ, ಕೊನೆಗೆ ಒಂದು ಸಾವಿರ. ರಾಜ ಐನೂರು ಸವಾರರನ್ನೂ ಐನೂರು ಬಂದೂಕಿನವರನ್ನೂ ಜತೆಮಾಡಿ, ಎಲ್ಲಿಗೆ ಕಳಿಸಲಿ ಅಂತ ಬರೆದ. ಉತ್ತರ ಬರಲಿಲ್ಲ ಅನ್ನುವುದು ಅವನ ದೂರು.

ನಮ್ಮ ಸಂಘದ ಗೆಳೆಯನೊಬ್ಬ ಇದನ್ನೆಲ್ಲಾ ಕೇಳಿ ಹೇಳಿದ: ‘ಅಲ್ಲಯ್ಯ, ಇವನು ಜಿಪುಣ. ದುಡ್ಡಿತ್ತು, ಕೊಡಲಿಲ್ಲ. ಬಿಜಯಗಢದಲ್ಲಿ ಹೂತಿಟ್ಟಿದ್ದ.’ ಹಣ ಇದ್ದದ್ದು ನಿಜ. ಆದರೆ ನನಗೆ ಕಂಡದ್ದು ಬೇರೆ. ನಮ್ಮ ತಂದೆ ಮಂಡಿಯಲ್ಲಿ ಗುಮಾಸ್ತರು. ಸಾಲಗಾರರಲ್ಲಿ ಯಾರಿಗೆ ಹೆಚ್ಚು ಕಷ್ಟ ಅಂತ ಅವರು ಹೇಳುವುದುಂಟು. ಖಂಡಿತ ಕೊಡುವುದಿಲ್ಲ ಅನ್ನುವವನ ಹತ್ತಿರ ಸಾಹುಕಾರ ಪತ್ರ ತೆಗೆದು ಕೋರ್ಟಿಗೆ ಹೋಗುತ್ತಾನೆ, ಪತ್ರದಲ್ಲಿ ಇರುವುದಷ್ಟೇ ಸಿಗುತ್ತದೆ. ಇಲ್ಲ ಇಲ್ಲ ಅಂತ ಅತ್ತು ಆಮೇಲೆ ತಂದುಕೊಡುವವನ ಹತ್ತಿರ ಪತ್ರ ತೆಗೆಯುವುದೇ ಇಲ್ಲ. ಅತ್ತರೂ ಹಣ ಬರುತ್ತದೆ ಅಂತ ಗೊತ್ತಾಗಿಬಿಟ್ಟಿರುತ್ತದೆ. ಚೇತ್‌ಸಿಂಗ್ ಎರಡನೆಯ ಜಾತಿಯ ಸಾಲಗಾರ. ಪ್ರತಿ ಸಲವೂ ಬಡತನ ಹೇಳಿಕೊಂಡ, ಪ್ರತಿ ಸಲವೂ ಕೊಟ್ಟ. ‘ಸನದಿನಲ್ಲಿ ಇದಿಲ್ಲ’ ಅಂತ ಗಟ್ಟಿಯಾಗಿ ಹಿಡಿದು ನಿಲ್ಲಲೇ ಇಲ್ಲ. ನಾಡಿನಲ್ಲಿ ಶಾಂತಿ ಉಳಿಯಬೇಕು, ದಂಡು ಬರಬಾರದು ಅಂತ ಕೊಡುತ್ತಾ ಹೋದ. ಕೊಟ್ಟದ್ದೇ ದಂಡಿಗೆ ದಾರಿ ತೋರಿಸಿತು. ಅವನನ್ನು ದೂರುವುದು ಸುಲಭ. ಆದರೆ ಆ ಗಾದಿಯಲ್ಲಿ ಕೂತು, ತಾಯಿಯ ಜಾತಿ ಎತ್ತುವ ದಾಯಾದಿಗಳನ್ನು ಬೆನ್ನಿಗಿಟ್ಟುಕೊಂಡು, ಎದುರಿಗೆ ಕಂಪನಿಯನ್ನು ಇಟ್ಟುಕೊಂಡವನು ಗಟ್ಟಿಯಾಗಿ ನಿಲ್ಲುವುದು ಹೇಗೆ?

1781ರ ಜುಲೈ 7ರಂದು ಹೇಸ್ಟಿಂಗ್ಸ್ ಕಲ್ಕತ್ತೆ ಬಿಟ್ಟ. ರಾಜನಿಂದ ಐವತ್ತು ಲಕ್ಷ ಜುಲ್ಮಾನೆ ವಸೂಲು ಮಾಡಬೇಕು ಅಂತ ಮನಸ್ಸಿನಲ್ಲಿತ್ತು. ಎರಡು ವರ್ಷದ ಪೂರಾ ಕಪ್ಪಕ್ಕಿಂತ ಹೆಚ್ಚು. ರಾಜ ಇಪ್ಪತ್ತು ಲಕ್ಷಕ್ಕೆ ಒಪ್ಪಿದ್ದ, ಸಾಲಲಿಲ್ಲ. ಬಕ್ಸರಿನ ತನಕ ಎದುರುಹೋಗಿ ತನ್ನ ಪೇಟವನ್ನು ತೆಗೆದು ಹೇಸ್ಟಿಂಗ್ಸ್‌ನ ತೊಡೆಯ ಮೇಲೆ ಇಟ್ಟ. ಒಬ್ಬ ದೊರೆಗೆ ಇದಕ್ಕಿಂತ ಕೆಳಗೆ ಬಗ್ಗಲು ಜಾಗವಿಲ್ಲ. ಪ್ರಯೋಜನವಾಗಲಿಲ್ಲ.

ಆಗಸ್ಟ್ 14ರಂದು ಹೇಸ್ಟಿಂಗ್ಸ್ ಕಾಶಿ ತಲುಪಿ ಮಾಧೋದಾಸನ ತೋಟದಲ್ಲಿ ಇಳಿದ. ಮರುದಿನ ಆರೋಪಪತ್ರ ಕಳಿಸಿದ. ರಾಜ ವಿನಯದಿಂದಲೇ ಉತ್ತರ ಬರೆದ. ಉತ್ತರ ಉದ್ಧಟತನದ್ದು ಅಂತ ತೀರ್ಮಾನಿಸಿ 16ರ ಬೆಳಿಗ್ಗೆ ರೆಸಿಡೆಂಟ್ ಮಾರ್ಕ್‌ಹ್ಯಾಮನನ್ನು ಶಿವಾಲಕ್ಕೆ ಅಟ್ಟಿದ. ಈ ಮಾರ್ಕ್‌ಹ್ಯಾಮ್ ಹುಟ್ಟಿದ್ದು 1760ರಲ್ಲಿ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು! ನಾನು ಇಲ್ಲಿ ಜರ್ನಲ್ ಎಂಟ್ರಿ ಹಾಕಲು ತಿಣುಕುತ್ತಿರುವ ವಯಸ್ಸಿನಲ್ಲಿ ಅವನು ಕಾಶಿಯ ದೊರೆಯನ್ನು ಬಂಧಿಸಲು ಹೊರಟಿದ್ದ. ರಾಜ ತಕರಾರಿಲ್ಲದೆ ಬಂಧನಕ್ಕೆ ಒಪ್ಪಿದ. ಎರಡು ಕಂಪನಿ ಸಿಪಾಯಿಗಳು ಅರಮನೆಗೆ ಕಾವಲು ನಿಂತರು.

ಅವರ ಹತ್ತಿರ ಮದ್ದುಗುಂಡು ಇರಲಿಲ್ಲ. ಹಣ ವಸೂಲಿಗೆ ಬಂದವರಿಗೆ ಜಗಳವಾದೀತು ಅಂತ ತೋರಲೇ ಇಲ್ಲ. ಇವನು ಯಾವಾಗಲೂ ಕೊಟ್ಟಿದ್ದನಲ್ಲ! ರಾಜನನ್ನು ಹಿಡಿದ ಸುದ್ದಿ ಹೊಳೆ ದಾಟಿತು. ರಾಮನಗರದಿಂದ ದೋಣಿ ದೋಣಿ ಜನ ಆಯುಧ ಹಿಡಿದು ಬಂದು ಶಿವಾಲದ ಓಣಿಗಳಲ್ಲಿ ತುಂಬಿಕೊಂಡರು. ಮದ್ದುಗುಂಡು ತಂದ ಇನ್ನೊಂದು ಕಂಪನಿಗೆ ಒಳಗೆ ಹೋಗಲು ದಾರಿಯೇ ಸಿಗಲಿಲ್ಲ. ಒಳಗಿದ್ದ ಸಿಪಾಯಿಗಳಲ್ಲಿ ಬಹಳ ಮಂದಿ ಸತ್ತರು. ಸ್ಟಾಕರ್, ಸ್ಕಾಟ್, ಸೈಮ್ಸ್ ಎಂಬ ಮೂವರು ಲೆಫ್ಟಿನೆಂಟರೂ ಸತ್ತರು. ಗಲಾಟೆಯ ನಡುವೆ ರಾಜನ ಕಡೆಯವರು ಪೇಟಗಳನ್ನು ಒಂದಕ್ಕೊಂದು ಗಂಟುಹಾಕಿ, ಹೊಳೆಯ ಕಡೆಯ ಕಿಂಡಿಯಿಂದ ಅವನನ್ನು ಇಳಿಬಿಟ್ಟರು. ಕೆಳಗೆ ದೋಣಿ ಕಾದಿತ್ತು. ಆ ಮೂವರು ಅಧಿಕಾರಿಗಳ ಹೆಸರಿಗೆ ಶಿವಾಲದಲ್ಲಿ ಕಲ್ಲು ಇದೆ. ಸತ್ತ ಸಿಪಾಯಿಗಳೂ ಈ ದೇಶದವರೇ, ಕೊಂದವರೂ ಈ ದೇಶದವರೇ. ಅವರ ಹೆಸರು ಹಾಕಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಈಗ ನನಗೆ ಬಹಳ ಯೋಚನೆ ಹಿಡಿಸಿದ ಜಾಗ. ಆ ಹೊತ್ತಿನಲ್ಲಿ ಮಾಧೋದಾಸನ ತೋಟದಲ್ಲಿ ಹೇಸ್ಟಿಂಗ್ಸ್‌ನ ಬಳಿ ಬೆರಳೆಣಿಕೆಯ ಕಾವಲುಗಾರರು. ರಾಜನ ಜನ ನೇರ ಅಲ್ಲಿಗೆ ಬಂದಿದ್ದರೆ ತನ್ನ ಹಾಗೂ ಸುಮಾರು ಮೂವತ್ತು ಇಂಗ್ಲಿಷರ ರಕ್ತ ಹರಿಯುತ್ತಿತ್ತು ಅಂತ ಹೇಸ್ಟಿಂಗ್ಸ್ ತಾನೇ ಆಮೇಲೆ ಬರೆದ. ಅವರು ಬರಲಿಲ್ಲ. ರಾಜನ ಹಿಂದೆಯೇ ಗುಂಪುಗುಂಪಾಗಿ ಹೊಳೆ ದಾಟಿ ವಾಪಸು ಹೋದರು. ಹೇಡಿತನ ಅಂತ ಕೆಲವರು ಅನ್ನಬಹುದು. ನನ್ನ ಅಭಿಪ್ರಾಯ ಹಾಗಲ್ಲ. ದಂಗೆಯೇಳುವ ಯೋಜನೆ ಇದ್ದವನು ಆ ಅವಕಾಶವನ್ನು ಬಿಡುತ್ತಿರಲಿಲ್ಲ. ಆಚೆ ದಡದಿಂದ ಅವನು ಮಾಡಿದ ಕೆಲಸವೂ ಅದನ್ನೇ ಹೇಳುತ್ತದೆ: ಈ ಕೊಲೆ ನನ್ನ ಅಪ್ಪಣೆಯಿಂದ ಆದದ್ದಲ್ಲ, ನಾನು ಈಗಲೂ ನಿಮ್ಮ ಅಧೀನ ಅಂತ ಪತ್ರದ ಮೇಲೆ ಪತ್ರ ಬರೆದ. ಹೇಸ್ಟಿಂಗ್ಸ್ ಉತ್ತರಿಸಲಿಲ್ಲ.

ಆಗಸ್ಟ್ 20ರಂದು ಕ್ಯಾಪ್ಟನ್ ಮಾಯಾಫ್ರ್ ಅವಸರದಲ್ಲಿ ರಾಮನಗರದ ಬೀದಿಗಳಿಗೆ ನುಗ್ಗಿ ಸತ್ತ. ಆಗ ನಾಡೆಲ್ಲಾ ಎದ್ದಿತು. ಮರುದಿನ ರಾತ್ರಿ ಹೇಸ್ಟಿಂಗ್ಸ್ ಕಾಶಿ ಬಿಟ್ಟು ಚುನಾರಿನ ಕೋಟೆಗೆ ಓಡಿದ. ಆ ಓಟದ ಗಡಿಬಿಡಿಯನ್ನು ಗೇಲಿಮಾಡುವ ಪದ ಕಾಶಿಯ ಜನರ ಬಾಯಲ್ಲಿ ಉಳಿದಿದೆ. ಬಂಗಾಳದ ಗವರ್ನರ್ ಜನರಲ್ ಸಿಪಾಯಿಗಳ ಬಾಕಿ ಸಂಬಳಕ್ಕೂ ದಿಕ್ಕಿಲ್ಲದೆ ಚುನಾರಿನಲ್ಲಿ ಕೂತಿದ್ದ.

ಚೇತ್‌ಸಿಂಗ್ ಈಗ ಎರಡು ದೋಣಿಯಲ್ಲಿ ಕಾಲಿಟ್ಟ. ಒಂದು ಕೈಯಲ್ಲಿ ಕ್ಷಮಾಪಣೆ ಪತ್ರ, ಇನ್ನೊಂದು ಕೈಯಿಂದ ಜನ ಕೂಡಿಸುವುದು. ಊರೂರಿನ ಜನ ಕೋಲು, ಕತ್ತಿ, ಬಂದೂಕು ಹಿಡಿದು ಬಂದರು. ಆದರೆ ಗುಂಪು ಸೈನ್ಯವಾಗಲಿಲ್ಲ. ಅವರಿಗೆ ಅಪ್ಪಣೆ ಕೊಡಬೇಕಾದವನು ಶರಣಾಗುವುದೋ ಕಾದುವುದೋ ಎಂಬುದನ್ನೇ ತೀರ್ಮಾನಿಸಿರಲಿಲ್ಲ. ಮೇಜರ್ ಪಾಪ್‌ಹ್ಯಾಮ್ ಸೆಪ್ಟೆಂಬರ್ 20ರಂದು ಪತೀತಾ ಹಿಡಿದ, ರಾಜ ಲತೀಫ್‌ಪುರ ಬಿಟ್ಟು ಬಿಜಯಗಢಕ್ಕೆ, ಅಲ್ಲಿಂದ ನಾಡು ಬಿಟ್ಟೇ ಹೋದ. 1773ರಲ್ಲಿ ‘ಇವಿಲ್ಲದೆ ರಾಜನಿಗೆ ರಕ್ಷಣೆಯಿಲ್ಲ’ ಅಂತ ಹೇಸ್ಟಿಂಗ್ಸ್ ಉಳಿಸಿಕೊಟ್ಟಿದ್ದ ಅವೇ ಎರಡು ಕೋಟೆಗಳು! ಶಿವಾಲದ ಬಂಧನದಿಂದ ಇಲ್ಲಿಗೆ ಐದೇ ವಾರ.

ಸೆಪ್ಟೆಂಬರ್ ಕೊನೆಗೆ ಬಲವಂತ ಸಿಂಗನ ಮಗಳ ಮಗ ಮಹೀಪ ನಾರಾಯಣನನ್ನು ಗಾದಿಗೆ ಕೂರಿಸಿದರು. ಕಪ್ಪ ನಲವತ್ತು ಲಕ್ಷ. ಕೊತ್ವಾಲಿಯನ್ನೂ ಟಂಕಸಾಲೆಯನ್ನೂ ರಾಜನಿಂದ ಕಿತ್ತುಕೊಂಡು, ಊರಿಗೆ ಅಲಿ ಇಬ್ರಾಹಿಂ ಖಾನನನ್ನು ಮ್ಯಾಜಿಸ್ಟ್ರೇಟ್ ಮಾಡಿದರು. ಅಲಿ ಇಬ್ರಾಹಿಂ ಖಾನ್ ಒಳ್ಳೆಯ ನ್ಯಾಯಾಧೀಶ ಅಂತ ಹೆಸರು ಪಡೆದ, ಅದು ಬೇರೆ ಮಾತು. ನಾನು ಕೇಳುವುದು ಇಷ್ಟೇ: ಶಾಂತಿ ಕಾಯುವ ಅಧಿಕಾರ ರಾಜನ ಕೈಯಲ್ಲಿದ್ದಾಗ ಆ ಊರಿನಲ್ಲಿ ರಕ್ತ ಹರಿಸುವಂತೆ ಮಾಡಿದವರು ಯಾರು? ಮದ್ದುಗುಂಡಿಲ್ಲದ ಸಿಪಾಯಿಗಳನ್ನು ಆ ಓಣಿಗೆ ಕಳಿಸಿದವರು ತಾನೆ? ಆಮೇಲೆ ಅದೇ ಅಶಾಂತಿಯನ್ನು ತೋರಿಸಿ ಅಧಿಕಾರ ಕಿತ್ತುಕೊಂಡರು. ಮೈಸೂರಿನವರಾದ ನಮಗೆ ಇದು ಹೊಸದಲ್ಲ. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ವರ್ಷಕ್ಕೆ ಏಳು ಲಕ್ಷ ವರಹದ ಕರಾರಾಯಿತು. ನಗರದ ದಂಗೆಯಾದ ಮೇಲೆ 1831ರಲ್ಲಿ ಆಡಳಿತ ಕೆಟ್ಟಿದೆ ಅಂತ ರಾಜ್ಯವನ್ನೇ ತೆಗೆದುಕೊಂಡರು, ವಾಪಸು ಬಂದದ್ದು 1881ರಲ್ಲಿ. ಎರಡು ಕಡೆಯ ವಿವರ ಬೇರೆ ಬೇರೆ. ನಗರದ ರೈತರಿಗೆ ನಿಜವಾದ ಕಷ್ಟವೇ ಇತ್ತು. ಆದರೂ ಕಾಗದದ ಓದುವ ರೀತಿ ಒಂದೇ.

ಇಂಗ್ಲೆಂಡಿನಲ್ಲಿ ಇದೇ ಕಾಗದದ ಮೇಲೆ ವಾದ ನಡೆಯಿತು. ಚೇತ್‌ಸಿಂಗ್ ಬರೀ ಜಮೀನ್ದಾರ, ತುರ್ತಿನಲ್ಲಿ ಒಡೆಯ ಕೇಳಿದ್ದನ್ನು ಕೊಡಬೇಕು ಅನ್ನುವುದು ಹೇಸ್ಟಿಂಗ್ಸ್‌ನ ಪಕ್ಷ. ಕರಾರಿನ ಮೊತ್ತಕ್ಕಿಂತ ಒಂದು ಕಾಸೂ ಹೆಚ್ಚು ಕೇಳುವ ಹಕ್ಕಿಲ್ಲ ಅನ್ನುವುದು ಬರ್ಕ್, ಫಾಕ್ಸರ ಪಕ್ಷ. ಪ್ರಧಾನಿ ಪಿಟ್ ನಡುವಿನ ದಾರಿ ಹಿಡಿದ: ಕೇಳಿದ್ದು ಸರಿ, ಆದರೆ ಐವತ್ತು ಲಕ್ಷದ ಜುಲ್ಮಾನೆ ತಪ್ಪಿಗೆ ಮೀರಿದ್ದು. 1786ರ ಜೂನ್ 13ರಂದು 119 ಮತ, ವಿರುದ್ಧ 79, ಆರೋಪ ನಿಂತಿತು. 1788ರಲ್ಲಿ ಶುರುವಾದ ವಿಚಾರಣೆ 1795ರಲ್ಲಿ ಹೇಸ್ಟಿಂಗ್ಸ್‌ನ ಖುಲಾಸೆಯಲ್ಲಿ ಮುಗಿಯಿತು. ಪಿಟ್ಟನ ತೀರ್ಪು ನೋಡಲು ಜಾಣತನದ್ದು. ಆದರೆ ಕೇಳುವ ಹಕ್ಕನ್ನು ಒಮ್ಮೆ ಒಪ್ಪಿಬಿಟ್ಟರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಕೇಳುವವನೇ ತೀರ್ಮಾನಿಸುತ್ತಾನೆ. ಸನದಿನಲ್ಲಿ ಮೊತ್ತ ಬರೆದದ್ದೇ ಅದನ್ನು ತಡೆಯಲಿಕ್ಕೆ.

ಇನ್ನು ಜಮೆ-ಖರ್ಚು. ಐವತ್ತು ಲಕ್ಷಕ್ಕೆ ಹೊರಟ ಹೇಸ್ಟಿಂಗ್ಸ್‌ನಿಗೆ ಸಿಕ್ಕಿದ್ದೆಷ್ಟು? ನವೆಂಬರಿನಲ್ಲಿ ಬಿಜಯಗಢ ಬಿತ್ತು. ಒಳಗೆ ತಾಯಿ ಪನ್ನಾ ಮತ್ತು ಮನೆಯ ಹೆಂಗಸರಿದ್ದರು. ಮಾನಕ್ಕೆ ಕುಂದು ಬರುವುದಿಲ್ಲ ಅಂತ ಮಾತು ಕೊಟ್ಟು, ಹೊರಗೆ ಬರುವಾಗ ಅವರ ಮೈ ಶೋಧಿಸಿದರು. ಸಿಕ್ಕ ಹಣ ಸುಮಾರು ಇಪ್ಪತ್ತಮೂರು ಲಕ್ಷ. ಅದನ್ನು ಪಾಪ್‌ಹ್ಯಾಮನ ಅಧಿಕಾರಿಗಳೂ ಸಿಪಾಯಿಗಳೂ ಅಲ್ಲೇ ಹಂಚಿಕೊಂಡುಬಿಟ್ಟರು. ಹೇಸ್ಟಿಂಗ್ಸ್ ಸಾಲವಾಗಿಯಾದರೂ ಕೊಡಿ ಅಂತ ಕೇಳಿದ, ಕೊಡಲಿಲ್ಲ. ಕಂಪನಿಯ ಖಜಾನೆಗೆ ಬಂದದ್ದು ಯುದ್ಧದ ಖರ್ಚು ಮಾತ್ರ.

ಚೇತ್‌ಸಿಂಗ್ ಗ್ವಾಲಿಯರಿನಲ್ಲಿ ಮಹಾದಜಿ ಸಿಂಧಿಯಾನ ಆಶ್ರಯ ಪಡೆದು, 1810ರಲ್ಲಿ ಅಲ್ಲೇ ತೀರಿಕೊಂಡ. ಇತ್ತ ನಲವತ್ತು ಲಕ್ಷದ ಕಪ್ಪ ವಸೂಲಾಗದೆ ಬಾಕಿ ಬೀಳುತ್ತಾ ಹೋಯಿತು. ಹೊಸ ರಾಜನ ಹೆಸರಿನಲ್ಲಿ ಆಡಳಿತ ಮಾಡುತ್ತಿದ್ದ ಅವನ ತಂದೆಯನ್ನು ತೆಗೆದು ಬೇರೊಬ್ಬನನ್ನು ಹಾಕಿದರು, ಅವನು ಇನ್ನಷ್ಟು ಹಿಂಡಿದ. ಮೇಲೆ ಬರ. 1784ರಲ್ಲಿ ಹೇಸ್ಟಿಂಗ್ಸ್ ಮತ್ತೆ ಅದೇ ದಾರಿಯಲ್ಲಿ ಬಂದ. ಬಕ್ಸರಿನ ಗಡಿಯಿಂದ ಕಾಶಿಯ ತನಕ ಗೋಳಾಡುವ ಜನ ತನ್ನ ಬೆನ್ನು ಬಿಡಲಿಲ್ಲ, ಹಳ್ಳಿ ಹಳ್ಳಿಯೂ ಹಾಳುಬಿದ್ದಿದೆ ಅಂತ ಅವನೇ ಕಲ್ಕತ್ತೆಗೆ ವರದಿ ಬರೆದ. ಮೂರು ವರ್ಷದ ಹಿಂದೆ ಆ ಬಕ್ಸರಿನಲ್ಲೇ ಅವನ ತೊಡೆಯ ಮೇಲೆ ಒಂದು ಪೇಟ ಬಂದು ಕೂತಿತ್ತು.